“ತೊಂದರೆ ಇರೋದು ಮಗಳಿಗೆ, ನಾವ್ಯಾಕೆ ಬರಬೇಕು ಮೇಡಂ?”

ಮಕ್ಕಳ ಮನೋಚಿಕಿತ್ಸೆಗೆ ಮನೆಯವರೂ ಬನ್ನಿ ಎಂದಾಗಲೆಲ್ಲ ಎದುರಾಗುವ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಈ ವಾರವೂ ಮೂರು ಪತ್ರ ಬಂದಿವೆ. ಒಮ್ಮೆ ಬಿಡಿಸಿ ಬರೆದುಬಿಡುತ್ತೇನೆ.

ಗೀಳು ಕಾಯಿಲೆ, ಅಂದರೆ ಒಸಿಡಿ ಇರುವ ಮನೆಯನ್ನೇ ತೆಗೆದುಕೊಳ್ಳಿ. ಡಿಗ್ರಿ ಓದುವ ಹುಡುಗಿ ಬಚ್ಚಲಿನಿಂದ ಬಂದು ಒದ್ದೆ ಕೈ ಚಾಚುತ್ತಾಳೆ. ಸೋಪು ತಿಕ್ಕಿ ತಿಕ್ಕಿ ಬೆರಳ ಸಂದು ಬಿರುಕು ಬಿಟ್ಟಿದೆ. “ಅಮ್ಮಾ, ಸರಿಯಾಗಿ ತೊಳೆದಿದೀನಿ ತಾನೇ?” “ತೊಳೆದಿದೀಯ ಪುಟ್ಟಾ, ಊಟಕ್ಕೆ ಬಾ.” ಭಯ ಇಳಿಯುತ್ತದೆ. ತಟ್ಟೆ ಮುಂದೆ ಕೂರುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ.

ಸಿಬಿಟಿಯಲ್ಲಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳಲು ಕಲಿಸುವ ಚಿಕಿತ್ಸೆಯಲ್ಲಿ, ಅವಳು ಬಾಗಿಲ ಚಿಲಕ ಮುಟ್ಟಿ ಕೈ ತೊಳೆಯದೆ ಕೂರುವುದನ್ನು ಅಭ್ಯಾಸ ಮಾಡುತ್ತಾಳೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಭಯವಿದ್ದರೂ ತೊಳೆಯದೆ ಇರಬಲ್ಲೆ ಎಂದು ಅವಳ ಮೈಗೇ ಗೊತ್ತಾಗಬೇಕು. ಆದರೆ ವಾರದ 168 ಗಂಟೆಯಲ್ಲಿ ಅವಳು ನನ್ನ ಮುಂದೆ ಇರುವುದು ಒಂದೇ ಗಂಟೆ. ಮನೆಗೆ ಹೋದಮೇಲೆ “ತೊಳೆದಿದೀಯ” ಎಂಬ ಸಮಾಧಾನ ಸಿಗುತ್ತಲೇ ಇದ್ದರೆ, ಇಲ್ಲಿ ಕಲಿತದ್ದು ಅಲ್ಲಿ ಅಳಿಸಿಹೋಗುತ್ತದೆ.

“ಹಾಗಾದರೆ ತಪ್ಪು ನಮ್ಮದೇ ಅಂತೀರಾ?” ಅಲ್ಲ. ಸಾವಿರ ಸಲ ಅಲ್ಲ. ಕಾಯಿಲೆ ಯಾಕೆ ಬಂತು ಎನ್ನುವುದು ಒಂದು ಮಾತು, ಬಂದದ್ದು ಯಾಕೆ ಹೋಗುತ್ತಿಲ್ಲ ಎನ್ನುವುದು ಇನ್ನೊಂದು. ನಾನು ವಿಚಾರಿಸುವುದು ಎರಡನೆಯದನ್ನು. ತಾಯಿ ಉತ್ತರ ಕೊಟ್ಟದ್ದು ಕರುಳಿನ ಸಂಕಟಕ್ಕೆ, ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಮನೆಯವರನ್ನು ದೂರುವ ಚಾಳಿ ನಮ್ಮ ವೃತ್ತಿಯಲ್ಲಿ ಇತ್ತು, ಒಪ್ಪುತ್ತೇನೆ. 1948ರಲ್ಲಿ ಅಮೆರಿಕದಲ್ಲಿದ್ದ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಕ್‌ಮನ್ ‘ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ’, ಅಂದರೆ ಆ ತೀವ್ರ ಮನೋರೋಗಕ್ಕೆ ತಾಯಿಯೇ ಕಾರಣ, ಎಂಬ ಮಾತು ಬಳಸಿದರು. ಅದಕ್ಕೆ ಆಧಾರ ಸಿಗದೆ ಕೈಬಿಟ್ಟದ್ದಾಯಿತು, ಅಷ್ಟರಲ್ಲಿ ಎಷ್ಟೋ ತಾಯಂದಿರು ಆ ಹೊರೆ ಹೊತ್ತಿದ್ದರು. ನಮ್ಮಲ್ಲಿ ನಡೆದದ್ದೇ ಬೇರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಜೊತೆಗಿದ್ದು ಆರೈಕೆಯಲ್ಲಿ ಕೈಜೋಡಿಸಲಿ ಎಂದು ಕರೆದದ್ದು, ಬೈಯಲಿಕ್ಕಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕುಟುಂಬ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ಈ ಪರಂಪರೆ ನನಗೆ ಹೆಮ್ಮೆ.

ಇನ್ನು, ಅಮ್ಮನೊಬ್ಬರನ್ನೇ ಕರೆದರೆ ಸಾಲದು. ಅಮ್ಮ ಉತ್ತರ ನಿಲ್ಲಿಸಿದರೆ ಹುಡುಗಿ ಅಜ್ಜಿಯನ್ನು ಕೇಳುತ್ತಾಳೆ. ಅಪ್ಪ ರೇಗಿದಷ್ಟೂ ಅಮ್ಮ ಮೆತ್ತಗಾಗುತ್ತಾರೆ, ಅಮ್ಮ ಮೆತ್ತಗಾದಷ್ಟೂ ಅಪ್ಪ ರೇಗುತ್ತಾರೆ. ಈ ಸುತ್ತನ್ನು ಗುರುತಿಸುವುದು ಕುಟುಂಬ ಚಿಕಿತ್ಸೆಯ ಕೆಲಸ. ಎಲ್ಲರೂ ಕೂತು, ಮಗಳೂ ಒಪ್ಪಿ, ಒಂದು ಮಾತು ಗೊತ್ತುಮಾಡಿಕೊಳ್ಳುತ್ತೇವೆ: “ಭಯ ಆಗ್ತಿದೆ ಅಂತ ಗೊತ್ತು ಪುಟ್ಟಾ. ಉತ್ತರ ಹೇಳಲ್ಲ, ಪಕ್ಕದಲ್ಲೇ ಕೂತಿರ್ತೀನಿ.” ಇದನ್ನೂ ಹಂತ ಹಂತವಾಗಿ ಮಾಡಬೇಕು, ಒಂದೇ ದಿನಕ್ಕೆ ನಿಲ್ಲಿಸಬೇಡಿ.

ಯಾರೂ ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆಯಿದೆ. ಮಗಳು ಒಂಟಿಯಾಗಿ ಹೇಳಿದ್ದು ನಿಮಗೆ ತಿಳಿಯುತ್ತದೆಯೇ? ಹದಿನೆಂಟು ತುಂಬಿದವಳಾದರೆ, ಅವಳ ಒಪ್ಪಿಗೆಯಿಲ್ಲದೆ ನಾನು ಹೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕು ಎನ್ನುತ್ತದೆ. ಜೀವಕ್ಕೆ ಅಪಾಯವಿದ್ದಾಗಿನ ಮಾತು ಬೇರೆ, ಅದನ್ನು ಮೊದಲ ದಿನವೇ ಅವಳಿಗೂ ತಿಳಿಸಿರುತ್ತೇನೆ. ಹಾಗಾಗಿ ಅವಳು ಹೊರಗೆ ಬಂದ ಕೂಡಲೇ ಮೆಟ್ಟಿಲ ಮೇಲೆ ನಿಲ್ಲಿಸಿ “ಏನ್ ಹೇಳಿದೆ ಒಳಗೆ?” ಎನ್ನಬೇಡಿ. ಕಾಫಿ ಕುಡಿಸಿ ಮನೆಗೆ ಕರೆದುಕೊಂಡು ಹೋಗಿ.