ಸಿನ್ಸ್ ಟೂ ಇಯರ್ಸ್ ಅನ್ನೋರಿಗೆ

ಬಳ್ಳಾರಿಯಲ್ಲಿ ಇಂಗ್ಲಿಷ್ ಹೇಳಿಕೊಡುವುದು ನನ್ನ ಕಸುಬು. ಡಿಪ್ಲೊಮಾ ಮುಗಿಸಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ಕಣ್ಣಿಟ್ಟ ಹುಡುಗರು, ನರ್ಸಿಂಗ್ ಓದಿದ ಹುಡುಗಿಯರು, ಮೇಲ್ ಬರೆಯೋಕೆ ತಿಣುಕುವ ಜೀನ್ಸ್ ಘಟಕದ ಮಾಲೀಕರು, ಎಲ್ಲರೂ ಬರುತ್ತಾರೆ. ಸಿನ್ಸ್ ಎಲ್ಲಿ, ಫಾರ್ ಎಲ್ಲಿ ಅಂತ ಕೇಳಿದರೆ ಸಾಕು, ಮಗ್ಗಿ ಒಪ್ಪಿಸಿದ ಹಾಗೆ ಉತ್ತರ ಬರುತ್ತದೆ: "ಪಾಯಿಂಟ್ ಆಫ್ ಟೈಮ್‌ಗೆ ಸಿನ್ಸ್, ಪೀರಿಯಡ್ ಆಫ್ ಟೈಮ್‌ಗೆ ಫಾರ್." ಭೇಷ್. ಈಗ ನಿಮ್ಮ ಬಗ್ಗೆ ಹೇಳಿ ಅಂದ ತಕ್ಷಣ, "ಐ ಆಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್."

ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ.

ನಿಯಮ ಗೊತ್ತಿಲ್ಲದೆ ಆಗುವ ತಪ್ಪಲ್ಲ ಇದು. ನಾವು "2021ರಿಂದ" ಅನ್ನುತ್ತೇವೆ, "ಎರಡು ವರ್ಷದಿಂದ" ಅಂತಲೂ ಅನ್ನುತ್ತೇವೆ. ಎರಡಕ್ಕೂ ಒಂದೇ "ಇಂದ". "ಮೂರು ಗಂಟೆಯಿಂದ ಕಾಯ್ತಾ ಇದ್ದೀನಿ" ಅಂದರೆ ಮಧ್ಯಾಹ್ನ ಮೂರಕ್ಕೆ ಬಂದು ಕೂತಿದ್ದೋ, ಮೂರು ತಾಸು ಕಾದಿದ್ದೋ? ಸಂಜೆ ಆರಕ್ಕೆ ಹೇಳಿದರೆ ಎರಡೂ ಒಂದೇ, ಬೇರೆ ಹೊತ್ತಲ್ಲಿ ಅಲ್ಲ. ಕನ್ನಡದಲ್ಲಿ ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷ್‌ನಲ್ಲಿ ಮೊದಲನೆಯದು ಸಿನ್ಸ್ ತ್ರೀ ಓ'ಕ್ಲಾಕ್, ಎರಡನೆಯದು ಫಾರ್ ತ್ರೀ ಅವರ್ಸ್.

ನಾನು ಹೇಳಿಕೊಡುವ ಉಪಾಯ ಇಷ್ಟೇ. ಕ್ಯಾಲೆಂಡರ್ ಮೇಲೋ ಗಡಿಯಾರದ ಮೇಲೋ ಒಂದು ಕಡೆ ಬೆರಳಿಟ್ಟು "ಇಲ್ಲಿಂದ ಶುರು" ಅನ್ನೋಕೆ ಆಗುತ್ತಾ? ಆದರೆ ಸಿನ್ಸ್. ಸಿನ್ಸ್ ಮಂಡೇ, ಸಿನ್ಸ್ ಯುಗಾದಿ, ಸಿನ್ಸ್ ಐ ಜಾಯಿನ್ಡ್. "ಎರಡು ವರ್ಷ" ಅನ್ನೋದನ್ನು ಒಂದೇ ಬೆರಳಲ್ಲಿ ತೋರಿಸೋಕಾಗಲ್ಲ, ಅಲ್ಲಿ ಫಾರ್. ಫಾರ್ ಟೂ ಇಯರ್ಸ್, ಫಾರ್ ದಿ ಲಾಸ್ಟ್ ಟೂ ಇಯರ್ಸ್, ಫಾರ್ ಎ ಲಾಂಗ್ ಟೈಮ್. ಅಂಕಿ ಕಂಡ ಕೂಡಲೇ ಗಾಬರಿ ಬೇಡ. 2021 ಕೂಡ ಅಂಕಿಯೇ, ಟೂ ಇಯರ್ಸ್ ಕೂಡ ಅಂಕಿಯೇ.

ಇಷ್ಟು ಹೇಳಿದ ಮೇಲೂ "ಐ ಆಮ್ ವರ್ಕಿಂಗ್ ಫಾರ್ ಟೂ ಇಯರ್ಸ್" ಅಂತ ಬರುತ್ತದೆ. ಅರ್ಧ ಮಾತ್ರ ರಿಪೇರಿ. ಆಗ ಶುರುವಾಗಿ ಈಗಲೂ ನಡೀತಿದ್ದರೆ "ಐ ಹ್ಯಾವ್ ಬೀನ್ ವರ್ಕಿಂಗ್" ಬೇಕು. ಮುಗಿದಿದ್ದರೆ "ಐ ವರ್ಕ್ಡ್". ಹೊಸಪೇಟೆ ಜಿಲ್ಲಾ ಕೇಂದ್ರ ಆದದ್ದು ಇನ್ 2021. ಜಿಲ್ಲಾ ಕೇಂದ್ರ ಆಗಿರುವುದು ಸಿನ್ಸ್ 2021. ಮೊದಲನೆಯದಕ್ಕೆ "ಬಿಕೇಮ್", ಎರಡನೆಯದಕ್ಕೆ "ಹ್ಯಾಸ್ ಬೀನ್". ಅಗೋ ಬಂದರೆ ಹ್ಯಾವ್ ಬೇಡವೇ ಬೇಡ: "ಐ ಜಾಯಿನ್ಡ್ ಟೂ ಇಯರ್ಸ್ ಅಗೋ".

ಇದು ಬರೀ ವ್ಯಾಕರಣದ ತಕರಾರಲ್ಲ. ನನ್ನ ಹತ್ತಿರ ಬರುತ್ತಿದ್ದ ನರ್ಸ್ ಒಬ್ಬಳು ಅರ್ಜಿಯಲ್ಲಿ "ಐ ವರ್ಕ್ಡ್ ಫಾರ್ ಫೋರ್ ಇಯರ್ಸ್" ಅಂತ ಬರೆದಿದ್ದಳು. ಸ್ಪೆಲಿಂಗ್ ಸರಿ, ಫಾರ್ ಸರಿ. ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆಯೇ "ಕೆಲಸ ಯಾಕೆ ಬಿಟ್ರಿ?" ಪಾಪ, ಆಕೆ ಹಿಂದಿನ ರಾತ್ರಿ ಡ್ಯೂಟಿ ಮುಗಿಸಿಕೊಂಡೇ ಬಂದು ಕೂತಿದ್ದಳು! ಅದೇ "ಐ ಆಮ್ ವರ್ಕಿಂಗ್ ಸಿನ್ಸ್ ಫೋರ್ ಇಯರ್ಸ್" ಅಂತ ತಪ್ಪಾಗಿ ಬರೆದಿದ್ದರೂ ಅರ್ಥ ಆಗುತ್ತಿತ್ತು. ಸಿನ್ಸ್ ತಪ್ಪಿದರೆ ಕಿವಿಗೆ ಕಿರಿಕಿರಿ, ಕ್ರಿಯಾಪದ ತಪ್ಪಿದರೆ ವಿಷಯವೇ ಬದಲು.

ಒಂದು ಮಾತು. "ಸಿನ್ಸ್ ಟೂ ಇಯರ್ಸ್" ನಮ್ಮ ದೇಶದಲ್ಲಿ ಎಷ್ಟು ಬಳಕೆಯಲ್ಲಿದೆ ಅಂದರೆ, ಮಿರ್ಚಿ-ಮಂಡಕ್ಕಿ ತಿನ್ನುತ್ತಾ ಸ್ನೇಹಿತರು ಅಂದರೆ ನಾನು ತಿದ್ದಲ್ಲ. ತಿದ್ದಿದರೆ ಯಾರೂ ಜೊತೆಗೆ ಕೂರಲ್ಲ. ಪರೀಕ್ಷೆ, ಅರ್ಜಿ, ಹೊರದೇಶದ ಮೇಲ್, ಇಲ್ಲಿ ಮಾತ್ರ ಹುಷಾರಾಗಿರಿ.

ಮೇಲ್ ಅಂದಾಗ ಬೈ ಮತ್ತು ಅಂಟಿಲ್ ನೆನಪಾಗುತ್ತವೆ. ಇಲ್ಲಿ ಕನ್ನಡವೇ ನಮ್ಮ ಕಡೆ ಇದೆ, ಆದರೂ ಎಡವುತ್ತೇವೆ. ಕಾಲುವೆಗೆ ನೀರು ತಿಂಗಳ ಕೊನೆಯ ಒಳಗೆ ಬಿಡ್ತಾರೋ, ಕೊನೆಯವರೆಗೆ ಬಿಡ್ತಾರೋ? ತುಂಗಭದ್ರಾ ಅಚ್ಚುಕಟ್ಟಿನ ಯಾವ ರೈತನೂ ಇವೆರಡನ್ನು ಕಲಸಲ್ಲ. ಒಳಗೆ ಅಂದರೆ ಬೈ, ವರೆಗೆ ಅಂದರೆ ಅಂಟಿಲ್. ಜೀನ್ಸ್ ಮಾಲೀಕರೊಬ್ಬರು "ವಿ ವಿಲ್ ಡಿಸ್ಪ್ಯಾಚ್ ಅಂಟಿಲ್ ಫ್ರೈಡೇ" ಅಂತ ಕಳಿಸಿದರು. ಸರಕು ಶುಕ್ರವಾರದವರೆಗೆ ಕಂತಿನಲ್ಲಿ ಬರುತ್ತೆ ಅಂದುಕೊಂಡ ಗಿರಾಕಿ, ಸೋಮವಾರದಿಂದಲೇ ಮೊದಲ ಕಂತು ಎಲ್ಲಿ ಅಂತ ಫೋನ್ ಮೇಲೆ ಫೋನ್.

"ನೆಕ್ಸ್ಟ್ ಫ್ರೈಡೇ" ಕೂಡ ಬರೆಯಬೇಡಿ. ಬರೋ ಶುಕ್ರವಾರವೋ ಅದರ ಮುಂದಿನದೋ ಅಂತ ಇಂಗ್ಲಿಷರಲ್ಲೇ ಜಗಳ ಇದೆ. ತಾರೀಖು ಹಾಕಿ, ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 05/06 ನಮಗೆ ಜೂನ್ 5, ಅಮೆರಿಕದ ಗಿರಾಕಿಗೆ ಮೇ 6.