ಚಾವಿ ಒಂದ, ಒಳಗ ಇಬ್ರು: ಕಾರಿನ ರಿಮೋಟ್, ಚಿಪ್, ಅಲಾರಂ ನೋಟ್ಸ್

ಮೊದಲ ಒಂದು ಮಾತು. ನಮ್ಮ ಕಡಿ ಕೀಲಿ ಅಂದ್ರ ಬೀಗ, ಅದನ್ನ ತೆಗಿಯೋದು ಚಾವಿ. ಬುಕ್ಕಿನ್ಯಾಗ ಕೆಲವು ಕಡಿ ಚಾವಿಗೇ ಕೀಲಿ ಅಂತ ಬರದಾರ, ಅದನ್ನ ಓದಿ ಓದಿ ನನ್ನ ತಲಿ ತಿರಗ್ಯದ, ಅದಕ್ಕ ಇಲ್ಲಿ ಎಲ್ಲಾ ಕಡಿ ಚಾವಿ ಅಂತನ ಬರೀತೀನಿ. ಮೋಟಾರ್ ಮೆಕ್ಯಾನಿಕ್ ಎರಡನೇ ವರ್ಷದ ನಮ್ಮ ಬ್ಯಾಚಿನವ್ರಿಗಿ ಇದು, ಪ್ರಾಕ್ಟಿಕಲ್ ಹತ್ರ ಬಂತು. ಖರೆ ಹೇಳ್ಬೇಕಂದ್ರ ನನ್ನ ತಲ್ಯಾಗೇ ಸರಿಯಾಗಿ ಕೂಡ್ಲಿ ಅಂತ ಬರೀಲತ್ತೀನಿ. ಯಾವ ಬಟನ್ ಒತ್ತಿದ್ರ ಏನ್ ಆಗ್ತದ ಅನ್ನೋದು ನಿಮಗೆಲ್ಲಾ ಗೊತ್ತದ, ಅದನ್ನ ಬಿಟ್ಟೀನಿ.

ನಾ ಎಲ್ಲಿ ಎಡವಿದೆ

ನಮ್ಮ ಕಾಕಾಂದು ಒಂದು ಹಳೆ ಪೆಟ್ರೋಲ್ ಕಾರ್ ಅದ. ಚಾವಿ ಕವರ್ ಒಡದು ರಬ್ಬರ್ ಬ್ಯಾಂಡ್ ಹಾಕಿ ನಡಸ್ಲತ್ತಿದ್ರು. ನಾ ದೊಡ್ಡ ಮೆಕ್ಯಾನಿಕ್ ಆಗೀನಲ್ಲ, ಸೂಪರ್ ಮಾರ್ಕೆಟ್‌ದಾಗ ಚಾವಿ ಮಾಡೋರ ಹತ್ರ ಹೋಗಿ ಬರೀ ಕವರ್ ತಂದೆ, ಆದಿತ್ಯವಾರ ಸಂಜಿಗಿ ಮನ್ಯಾಗ ಕುಂತು ಹಳೆ ಕವರ್ ಬಿಚ್ಚಿ ಬೋರ್ಡ್, ಸೆಲ್, ಬಟನ್ ರಬ್ಬರ್, ಬ್ಲೇಡ್ (ತೂತಿನ್ಯಾಗ ಹೋಗೋ ಲೋಹದ ಭಾಗ) ಎಲ್ಲಾ ಹೊಸದ್ರಾಗ ಕೂಡ್ಸಿದೆ. ಅಂಗಳದಾಗ ನಿಂತು ಒತ್ತಿದೆ. ಟಕ್ ಅಂತ ನಾಕೂ ಬಾಗಲ ತೆರದ್ವು, ಇಂಡಿಕೇಟರ್ ಎರಡು ಸಲ ಮಿಣಕ್ ಅಂತು. ಹಳೆ ಕವರ್ ಕಸದಾಗ ಒಗದೆ.

ಸೋಮವಾರ ಮುಂಜಾನಿ ಕಾಕಾ ಆಳಂದಕ್ಕ ಹೋಗ್ಬೇಕಿತ್ತು. ಚಾವಿ ತಿರಗಿಸಿದ್ರು, ಇಂಜಿನ್ ಹತ್ತಿತು, ಒಂದ್ ಎರಡು ಸೆಕೆಂಡಿಗಿ ಬಂದ್. ಮತ್ತ ತಿರಗಿಸಿದ್ರು, ಮತ್ತ ಅಷ್ಟ. ನಾ ಕೂಡ್ಲೆ ಇದು ಪೆಟ್ರೋಲ್ ಬರ್ಲಾರದ್ದು ಅಂದೆ. ಹಿಂದಿನ ಸೀಟಿನ ಹತ್ರ ಕಿವಿ ಇಟ್ಟು ಪಂಪ್ ಸಪ್ಪಳ ಕೇಳಿದೆ, ರಿಲೇ ಅದಲಿ ಬದಲಿ ಮಾಡ್ದೆ, ಫ್ಯೂಸ್ ನೋಡ್ದೆ, ಫಿಲ್ಟರ್ ಬಿಚ್ಚಿದೆ. ಮೀಟರ್ ಬೋರ್ಡಿನ್ಯಾಗ ಚಾವಿ ಚಿತ್ರದ ಲೈಟ್ ಒಂದು ಚಕಚಕ ಮಿಣಕ್ಲತ್ತಿತ್ತು, ಅದನ್ನ ಮಾತ್ರ ನೋಡ್ಲಿಲ್ಲ. ಕಾಕಾ ಇಸ್ತ್ರಿ ಅಂಗಿ ಹಾಕ್ಕೊಂಡು ಬಿಸಲಾಗ ನಿಂತು "ಅಲ್ಲಪಾ, ಎರಡು ವರ್ಷ ಏನ್ ಕಲಿಸ್ಯಾರ ನಿಂಗ ಅಲ್ಲಿ?" ಅಂದ್ರು.

ಕಡಿಗಿ ಗ್ಯಾರೇಜಿನ ಉಸ್ತಾದ್‌ಗ ಫೋನ್ ಹಚ್ಚಿದೆ. ಬಂದವ್ರು ಬಾನೆಟ್ ಸುದ್ದಿಗೇ ಹೋಗ್ಲಿಲ್ಲ. ಚಾವಿ ಆನ್ ಮಾಡಿ ಆ ಲೈಟ್ ನೋಡಿದ್ರು, ಚಾವಿ ಕೈಯಾಗ ತಗೊಂಡು ಉಗುರಿಲೆ ಕವರ್ ತೆಗದ್ರು, ನನ್ನ ಕಡಿ ನೋಡಿ "ಏ, ಹಳೆ ಕವರ್ ಎಲ್ಲಿ ಒಗದಿ?" ಅಂದ್ರು. ಕಸದ ಚೀಲ ಬಗ್ಗಿಸಿ ಉಳ್ಳಾಗಡ್ಡಿ ಸಿಪ್ಪಿ ಸರಸಿ ಹುಡುಕಿದೆ, ಸಿಕ್ತು. ಕವರಿನ ಮೂಲ್ಯಾಗ ಒಂದು ಸಣ್ಣ ಗೂಡು, ಅದ್ರಾಗ ಹುಣಸಿ ಬೀಜದಷ್ಟ ಕರೀ ತುಂಡು. ಉದ್ದ 12 ಮಿಲಿಮೀಟರ್, ಅಗಲ 6 ಇದ್ದೀತು. ವೈರ್ ಇಲ್ಲ, ಕಾಲಿಲ್ಲ, ಬೆಸುಗಿ ಇಲ್ಲ. ನಾ ಅದನ್ನ ಖಾಲಿ ಜಾಗ ತುಂಬ್ಲಾಕ ಇಟ್ಟ ಪ್ಲಾಸ್ಟಿಕ್ ಅಂತ ತಿಳ್ಕೊಂಡಿದ್ದೆ! ಹೊಸ ಕವರಿನ್ಯಾಗ ಅದನ್ನ ಕೂಡ್ಸಿದ್ವಿ, ಒಂದ ಸೆಲ್ಫಿಗಿ ಗಾಡಿ ಚಾಲೂ. ನಾಕು ತಾಸು ಹೋಗಿತ್ತು.

ಒಳಗಿನ ಇಬ್ರು ಯಾರು

ಚಾವಿ ಹಿಡಿಕಿ ಒಳಗ ಇಬ್ರು ಅವ್ರು, ಇಬ್ರಿಗೂ ಒಬ್ಬರದೊಬ್ಬರಿಗಿ ಪರಿಚಯಾನೇ ಇಲ್ಲ.

ಒಬ್ಬಂವ ರಿಮೋಟ್. ಬೋರ್ಡ್, ಬಟನ್, ಸೆಲ್ ಇವೆಲ್ಲಾ ಇವಂದು. ನಮ್ಮ ಕಡಿ ಗಾಡ್ಯಾಗ ಭಾಳ ಮಾಡಿ 433.92 ಮೆಗಾಹರ್ಟ್ಸ್ ಮ್ಯಾಲ ಮಾತಾಡ್ತಾನ (ಅಮೆರಿಕಾ, ಜಪಾನ್ ಗಾಡ್ಯಾಗ 315 ಜಾಸ್ತಿ). ಬಾಗಲ ಲಾಕ್ ಮಾಡೋದು, ತೆರಿಯೋದು, ಅಲಾರಂ ಹಚ್ಚೋದು, ಆರಸೋದು ಇವನ ಕೆಲಸ. ಇಂಜಿನ್ನಿಗೂ ಇವಂಗೂ ಸಂಬಂಧ ಇಲ್ಲ.

ಇನ್ನೊಬ್ಬಂವ ಚಿಪ್, ಟ್ರಾನ್ಸ್‌ಪಾಂಡರ್ ಅಂತಾರ. ಇಮೊಬಿಲೈಸರ್ ಅನ್ನೋ ಕಾವಲುಗಾರನ ಮುಂದ "ನಾ ಇದೇ ಗಾಡಿ ಚಾವಿ" ಅಂತ ಸಾಕ್ಷಿ ಹೇಳೋದು ಇವ್ನು. ಸಾಕ್ಷಿ ಬರೋಬ್ಬರಿ ಇಲ್ಲಂದ್ರ ಇಸಿಯು (ಇಂಜಿನ್ ನಡಸೋ ಕಂಪ್ಯೂಟರ್) ಪೆಟ್ರೋಲ್ ಚಿಮ್ಮಸೋ ಇಂಜೆಕ್ಟರ್, ಸ್ಪಾರ್ಕ್ ಬಂದ್ ಮಾಡ್ತದ. ಕೆಲವು ಗಾಡ್ಯಾಗ ಸೆಲ್ಫೇ ತಿರಗಲ್ಲ, ಕೆಲವುದ್ರಾಗ ಕಾಕಾನ ಗಾಡಿಯಂಗ ಹತ್ತಿ ಎರಡು ಸೆಕೆಂಡಿಗಿ ಆರ್ತದ, ಅದು ನಮ್ಮಂಥವ್ರನ್ನ ಪೆಟ್ರೋಲ್ ಪಂಪಿನ ಹಿಂದ ಓಡಸ್ತದ. ಯುರೋಪಿನ್ಯಾಗ 1998 ರಿಂದ ಹೊಸ ಕಾರಿಗಿ ಇದು ಕಡ್ಡಾಯ ಆಯ್ತು. ಸಿನಿಮಾದಾಗ ಸ್ಟೇರಿಂಗ್ ಕೆಳಗಿನ ಎರಡು ವೈರ್ ತಿಕ್ಕಿ ಕಾರ್ ಕದೀತಾರಲ್ಲ, ಚಿಪ್ ಇರೋ ಗಾಡ್ಯಾಗ ಆ ಆಟ ನಡ್ಯಂಗಿಲ್ಲ.

ಸೆಲ್ ಇಲ್ಲದ ಚಿಪ್ ಹೆಂಗ ಮಾತಾಡ್ತದ?

ಇದು ನಂಗ ಭಾಳ ಕಾಡ್ತು, ಅದಕ್ಕ ಇಲ್ಲಿ ಜರಾ ಉದ್ದ ಬರೀತೀನಿ, ತಿಳದವ್ರು ಮುಂದ ಹೋಗ್ರಿ.

ಚಾವಿ ತೂರಸೋ ತೂತಿನ ಸುತ್ತ ತಾಮ್ರದ ತಂತಿ ಸುತ್ತಿದ ಬಳಿ (ಕೈಬಳಿಯಂಥ ಸುರುಳಿ) ಒಂದದ. ಚಾವಿ ಆನ್ ಮಾಡಿದ್ ಕೂಡ್ಲೆ ಅದಕ್ಕ 125 ಕಿಲೋಹರ್ಟ್ಸ್ ಕರೆಂಟ್ ಹೋಗಿ ಸುತ್ತ ಅಯಸ್ಕಾಂತದ ಹಬ್ಬುಗಿ ಏರಿ ಇಳೀತದ. ಚಿಪ್ಪಿನ ಒಳಗೂ ಕೂದಲಿನಂಥ ತಂತಿ ಸುತ್ತ್ಯಾರ. ಟ್ರಾನ್ಸ್‌ಫಾರ್ಮರ್ ಪಾಠ ನೆನಪು ಮಾಡ್ಕೋರಿ, ಗಾಡಿ ಬಳಿ ಪ್ರೈಮರಿ (ಕೊಡೋ ಸುರುಳಿ), ಚಿಪ್ ಸೆಕೆಂಡರಿ (ತಗೊಳ್ಳೋ ಸುರುಳಿ), ನಡುವ ಕಬ್ಬಿಣದ ಬದ್ಲಿ ಗಾಳಿ. ಹಿಂಗ ಹುಟ್ಟೋ ಅಷ್ಟೇ ಅಷ್ಟು ಕರೆಂಟಿನ್ಯಾಗ ಚಿಪ್ ಎಚ್ಚರ ಆಗ್ತದ. ಗಾಳಿ ದಾಟ್ಬೇಕಲ್ಲ, ಅದಕ್ಕ ನಾಕಾರು ಸೆಂಟಿಮೀಟರ್ ಅಷ್ಟ ಇದ್ರ ಓಟ.

ಇಲ್ಲಿ ತನಕ ನಂಗ ತಿಳೀತು. ಚಿಪ್ ವಾಪಸ್ ಉತ್ತರ ಹೆಂಗ ಕೊಡ್ತದ ಅನ್ನೋದ ತಿಳೀಲಿಲ್ಲ. ಅದಕ್ಕ ಸ್ವಂತ ತಾಕತ್ತ ಇಲ್ಲ ಅಂದ್ಮ್ಯಾಲ ಕೂಗೋದು ಹೆಂಗ? ಸರ್ "ಲೋಡ್ ಬದಲ್ ಮಾಡ್ತದ" ಅಂತ ಒಂದ ಸಾಲಿನ್ಯಾಗ ಹೇಳಿ ಬೋರ್ಡ್ ಒರಸಿದ್ರು. ರಾತ್ರಿ ಮನಿಗಿ ಬರುವಾಗ ಹಳೆ ಡೈನಮೊ ಸೈಕಲ್ ನೆನಪಾಯ್ತು, ನಮ್ಮ ಮುತ್ಯಾಂದು. ಡೈನಮೊ ಟೈರಿಗಿ ತಾಗಿಸಿ ಲೈಟ್ ಹಚ್ಚಿದ್ರ ಪೆಡಲ್ ಭಾರ ಆಗ್ತದ, ಲೈಟಿನ ವೈರ್ ಕಿತ್ತ್ರ ಹಗುರ. ತುಳಿಯಾಂವ ಬಗ್ಗಿ ನೋಡ್ಬೇಕಂತಿಲ್ಲ, ಅವನ ಕಾಲಿಗೇ ಗೊತ್ತಾಗ್ತದ. ಇಲ್ಲಿ ತುಳಿಯಾಂವ ಗಾಡಿ ಬಳಿ. ಚಿಪ್ ತನ್ನ ಒಳಗ ಲೋಡ್ ಹಚ್ಚಿ, ತೆಗದು, ಹಚ್ಚಿ, ತೆಗದು ಮಾಡ್ತದ, ಬಳಿಗಿ ಭಾರ, ಹಗುರ, ಭಾರ, ಹಗುರ ಅಂತ ತಿಳೀತದ, ಅದೇ ಒಂದು ಸೊನ್ನಿ ಒಂದು ಸೊನ್ನಿ. ಚಿಪ್ ಕೂಗಲ್ಲ, ಗಾಡಿ ಕಾಲು ಹಿಡದು ಜಗ್ತದ ಅಷ್ಟ.

ಹಂಗಂತ ಪ್ರತಿ ಸಲ ಅದೇ ನಂಬರ್ ಒದರಲ್ಲ. ಈಗಿನ ಗಾಡ್ಯಾಗ ಗಾಡಿ ಒಂದು ಅಡ್ಡಾದಿಡ್ಡಿ ನಂಬರ್ ಕೊಟ್ಟು ಲೆಕ್ಕ ಮಾಡು ಅಂತದ, ಚಿಪ್ ಒಳಗಿನ ಗುಟ್ಟಿನ ಸೂತ್ರ ಹಾಕಿ ಉತ್ತರ ಹೇಳ್ತದ, ಇಸಿಯು ತನ್ನ ಲೆಕ್ಕಕ್ಕ ತಾಳಿ ನೋಡ್ತದ. ಇನ್ನೊಂದು ಚಿಪ್ ಚಾವಿ ಅದೇ ರಿಂಗಿನ್ಯಾಗ ಇದ್ರ ಬಳಿ ಹತ್ರ ಇಬ್ಬರೂ ಒಮ್ಮೆಗೇ ಜಗ್ಗಾಡಿ ಗಡಿಬಿಡಿ ಆಗಬಹುದು. ಎರಡೂ ಚಾವಿ ಒಂದ ರಿಂಗಿನ್ಯಾಗ ಇಡೋ ಮಂದಿಗಿ ಇದನ್ನ ಹೇಳ್ರಿ.

ವೈವಾದಾಗ (ಬಾಯಿ ಪರೀಕ್ಷಾದಾಗ) ಕೇಳೋದು ಇಷ್ಟ: ಬಾಗಲ ತೆರೀತದ ಆದ್ರ ಗಾಡಿ ಚಾಲೂ ಆಗಲ್ಲ, ಚಾವಿ ಲೈಟ್ ಮಿಣಕ್ತದ, ಅಂದ್ರ ಮೊದಲ ಚಿಪ್ ಕಡಿ ನೋಡು. ರಿಮೋಟಿಗಿ ಬಾಗಲ ತೆರೆಲ್ಲ ಆದ್ರ ಚಾವಿ ತಿರಗಿಸಿದ್ರ ಚಾಲೂ, ಅಂದ್ರ ಸೆಲ್ ಇಲ್ಲಾ ರಿಮೋಟ್. ಎರಡೂ ಇಲ್ಲಂದ್ರ ಚಾವಿ ಕೆಳಗಿಟ್ಟು ಗಾಡಿ ದೊಡ್ಡ ಬ್ಯಾಟ್ರಿಗಿ ಮೀಟರ್ ಹಚ್ಚು.

ಮನ್ಯಾಗ ಹುಡುಗ ರಿಮೋಟ್ ಒತ್ತಾಡಿದ್ರ

ರಿಮೋಟ್ ಪ್ರತಿ ಸಲ ಒಂದೇ ಕೋಡ್ ಬಿಟ್ರ ಯಾರರೆ ಅದನ್ನ ಹಿಡದಿಟ್ಕೊಂಡು ಮತ್ತ ಬಿಟ್ಟು ಬಾಗಲ ತೆರೀಬಹುದು. ಅದಕ್ಕ ಓಡೋ ಕೋಡ್, ರೋಲಿಂಗ್ ಕೋಡ್. ಕೀಲಾಕ್ ಅನ್ನೋ ಪದ್ಧತಿ ಇದ್ರಾಗ ಹೆಸರಾದದ್ದು, 1980ರ ದಶಕದಾಗ ದಕ್ಷಿಣ ಆಫ್ರಿಕಾದಾಗ ಹುಟ್ಟಿದ್ದು, 1995ರಾಗ ಮೈಕ್ರೋಚಿಪ್ ಕಂಪನಿ ತಗೊಂಡ್ತು. ಲೆಕ್ಕ ಅದ್ರದೇ ಹೇಳ್ತೀನಿ.

ಮೊದಲ ಬಸ್ಸಿನ್ಯಾಗ ಕಂಡಕ್ಟರ್ ಹತ್ರ ಟಿಕೆಟ್ ಕಟ್ಟು ಇರ್ತಿತ್ತಲ್ಲ, ನಂಬರ್ ಮುಂದ ಮುಂದ ಓಡ್ತಿತ್ತು, ಹಂಗ. ಒತ್ತಿದಂಗ ಚಾವ್ಯಾಗ ನಂಬರ್ ಒಂದು ಏರ್ತದ, ಗಾಡಿ ಕಡೀಕ ಕಂಡ ನಂಬರ್ ನೆನಪಿಡ್ತದ. ಗಾಡಿ ನೆನಪು 501 ಅಂತ ತಿಳೀರಿ. ನಿಮ್ಮ ತಮ್ಮ ಮನ್ಯಾಗ ಕುಂತು 10 ಸಲ ಒತ್ತಿದ, ಚಾವಿ 511 ಆಯ್ತು. ಅಂಗಳಕ್ಕ ಬಂದು ನೀವು ಒತ್ತಿದ್ರ 512, ಅಂತರ 11, 16ರ ಒಳಗಿನ ಅಂತರ ಇದ್ರ ಗಾಡಿ ಸೀದಾ ಒಪ್ತದ. ಅಂವ 40 ಸಲ ಒತ್ತಿದ್ರ? ನೀವು ಒತ್ತಿದ್ದು 542, ಗಾಡಿ ಸುಮ್ನ ಕೂಡ್ತದ ಆದ್ರ ಒಂದ ಕಡಿ ಬರಕೋತದ. ಮತ್ತ ಒತ್ರಿ, 543. "ಹೌದು, ಸಾಲಾಗಿ ಬರ್ಲತ್ತಾನ" ಅಂತ ತೆರೀತದ. ಅದಕ್ಕ ಒಮ್ಮಿ ಒತ್ತಿ ಆಗ್ಲಿಲ್ಲಂದ್ರ ರಿಮೋಟ್ ಹೋಯ್ತು ಅಂತ ಅಳಬ್ಯಾಡ್ರಿ, ಎರಡು ಸಲ ಒತ್ರಿ. ಈ ಎರಡು ಸಲದ ಮಾಫಿ 32,768 ತನಕ ನಡೀತದ. ಅದ್ಯಾಕ ಅಷ್ಟ ಅಂದ್ರ ಕೌಂಟರ್ 16 ಬಿಟ್, ಒಟ್ಟು 65,536 ನಂಬರ್, ಅರ್ಧ ಮುಂದಿನವು, ಉಳಿದ ಅರ್ಧ ಹಿಂದಿನವು ಅಂತ ಗಾಡಿ ಲೆಕ್ಕ, ಹಿಂದಿನದು ಬಂದ್ರ ಹರದ ಟಿಕೆಟ್ ತೋರಿಸಿದಂಗ. ನಂಬರ್ ಬಯಲಿಗಿ ಹೋಗಲ್ಲ, 64 ಬಿಟ್ಟಿನ ಗುಟ್ಟಿನ್ಯಾಗ ಕಲಿಸಿ ಹೋಗ್ತದ, 512ಕ್ಕೂ 513ಕ್ಕೂ ಹೊರಗಿನವ್ರಿಗಿ ಯಾವ ಸಂಬಂಧಾನೂ ಕಾಣಲ್ಲ.

ಸೆಲ್ ತೆಗದ್ರ ಈ ನಂಬರ್ ಅಳಸಿ ಹೋಗ್ತದೇನೋ ಅಂತ ನಂಗ ಅಂಜಿಕಿ ಇತ್ತು. ಹೋಗಲ್ಲ, ಕರೆಂಟ್ ಇಲ್ಲದಿದ್ರೂ ಉಳಿಯೋ ಮೆಮರ್‍ಯಾಗ ಇರ್ತದ.

ಸೆಲ್

ನಂಗ ಭಾಳ ಸೇರೋ ಪಾಯಿಂಟ್ ಇದು. ಸಿಆರ್2032 ಅಂದ್ರ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್1620 ಅಂದ್ರ 16 ಅಗಲ, 2.0 ದಪ್ಪ. ನಂಬರಿನ್ಯಾಗೇ ಅಳತಿ ಅದ, ಬಾಯಿಪಾಠ ಬ್ಯಾಡ. ಎಲ್ಲಾ 3 ವೋಲ್ಟ್. ಇದ್ರಾಗ ಒಂದು ಕುಣಿ ಅದ: 2016 ಎರಡು ಒಂದ್ರ ಮ್ಯಾಲ ಒಂದು ಇಟ್ರ ದಪ್ಪ ಬರೋಬ್ಬರಿ 3.2, 2032 ಜಾಗದಾಗ ಸುಖವಾಗಿ ಕೂಡ್ತಾವ, ಆದ್ರ ವೋಲ್ಟ್ 6, ಬೋರ್ಡ್ ಸುಟ್ಟು ಹೋದೀತು. ಮೀಟರಿನ್ಯಾಗ ಸೆಲ್ 3 ತೋರಿಸ್ತದ ಅಂತ ನಂಬಬ್ಯಾಡ್ರಿ, ಬಟನ್ ಒತ್ತಿ ಹಿಡದಾಗ ಎಷ್ಟಕ್ಕ ಇಳೀತದ ನೋಡ್ರಿ, ಮುದಿ ಸೆಲ್ ಕೆಲಸ ಹೇಳಿದ್ರ ಕುಸೀತದ. ಸಣ್ಣ ಕೂಸು ಇರೋ ಮನ್ಯಾಗ ಹಳೆ ಸೆಲ್ ಕೆಳಗ ಬಿಡಬ್ಯಾಡ್ರಿ, ನುಂಗಿದ್ರ ಎರಡು ತಾಸಿನ್ಯಾಗ ಅನ್ನನಾಳ ಸುಡ್ತದ, ನುಂಗಿದ ಅನುಮಾನ ಬಂದ್ರೂ ದವಾಖಾನಿಗಿ ಓಡ್ಬೇಕು.

ಅಲಾರಂ

ಇದೂ ಕಾಕಾನ ಕತಿನೇ. ಮದಿವಿ ಮಂಟಪದ ಹೊರಗ ಸೆಲ್ ಸತ್ತಿತ್ತು, ಬ್ಲೇಡ್ ಹಾಕಿ ಬಾಗಲ ತೆರದ್ರು, ಹಾರ್ನ್ ಪೀಂ ಪೀಂ ಅಂತ ಹೊಡ್ಕೊಳ್ಳತ್ತಿತು, ಊಟಕ್ಕ ಕುಂತ ಮಂದಿ ಎಲ್ಲಾ ಎದ್ದು ನೋಡ್ಯಾರ. ಆಗಿದ್ದೇನಂದ್ರ, ರಿಮೋಟಿನಿಂದ ಲಾಕ್ ಮಾಡಿದಾಗ ಅಲಾರಂ ಕಾವಲಿಗಿ ಕುಂತದ. ಬಾಗಲ ಸ್ವಿಚ್ "ತೆರೀತು" ಅಂತದ, ರಿಮೋಟ್ "ನಾ ಹೇಳಿದ್ದೆ" ಅನ್ನಲ್ಲ. ಭಾಳ ಗಾಡ್ಯಾಗ ಬಾಗಲ ತೂತಿನ್ಯಾಗ ಬ್ಲೇಡ್ ತಿರಗಿದ್ದು ಅಲಾರಂಗ ಸುದ್ದಿನೇ ಇರಲ್ಲ, ಅದ್ರ ಲೆಕ್ಕಕ್ಕ ನೀವು ಕಳ್ಳ. ಒಳಗ ಕುಂತು ಚಾವಿ ತೂರಸಿ ಆನ್ ಮಾಡಿದ್ರ ಚಿಪ್ ಸಾಕ್ಷಿ ಹೇಳ್ತದ, ಹಾರ್ನ್ ಬಂದ್. ಬ್ಯಾಟ್ರಿ ವೈರ್ ಕೀಳ್ಲಾಕ ಓಡಬ್ಯಾಡ್ರಿ.

ಇನ್ನೊಂದು, ಅನ್‌ಲಾಕ್ ಒತ್ತಿ ಬಾಗಲ ತೆರೀದ ಮಾತಾಡ್ಕೋತ ನಿಂತ್ರ ಭಾಳ ಗಾಡಿ ಸುಮಾರು 30 ಸೆಕೆಂಡಿಗಿ ತಾನೇ ಮತ್ತ ಲಾಕ್ ಆಗ್ತಾವ, ದೋಷ ಅಲ್ಲ.

ಬಟನ್ ಸ್ಟಾರ್ಟ್ ಗಾಡಿ

ಜಲ್ದಿ ಮುಗಸ್ತೀನಿ. ಗಾಡಿ ಹತ್ರದ ಹತ್ರ ಕೆಳ ಫ್ರೀಕ್ವೆನ್ಸ್ಯಾಗ ಕರೀತದ, ಕಿಸೆದಾಗಿನ ಚಾವಿ ಮೇಲಿನ ಫ್ರೀಕ್ವೆನ್ಸ್ಯಾಗ ಓ ಅಂತದ. ಕರೆಯೋ ದನಿ ಒಂದೆರಡು ಮೀಟರ್ ಅಷ್ಟ, ಅಷ್ಟ ಇದ್ದದ್ದಕ್ಕೇ ಗಾಡಿ "ಮಾಲಕ ಇಲ್ಲೇ ಅದಾನ" ಅಂತ ನಂಬ್ತದ. ಕಳ್ಳರು ಆ ದನಿ ಹಿಡದು ದೂರಕ್ಕ ದಾಟಿಸಿದ್ರ ಮನ್ಯಾಗಿನ ಚಾವಿನೂ ಓ ಅಂತದ. 2011ರಾಗ ಜ್ಯೂರಿಕ್‌ನ ಸಂಶೋಧಕರು 10 ಮಾಡೆಲ್ ಕಾರಿನ ಮ್ಯಾಲ ಇದನ್ನ ಮಾಡಿ ತೋರಿಸ್ಯಾರ. ಇದನ್ನ ತಡೀಲಾಕ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ್ಯಾಗ ಚಾವಿ ಇಟ್ಟು ಡಬ್ಬಿ ಹಿಡದು ಗಾಡಿ ಹತ್ರ ಹೋಗಿ ನೋಡ್ರಿ, ಬಾಗಲ ತೆರೀಲಿಲ್ಲಂದ್ರ ಆ ಡಬ್ಬಿ ಕೆಲಸದ್ದು. ಚಾವಿ ಸೆಲ್ ಸತ್ರ ಚಾವಿ ಸ್ಟಾರ್ಟ್ ಬಟನ್ನಿಗೇ ತಾಗಿಸಿ ಒತ್ರಿ, ಭಾಳ ಗಾಡ್ಯಾಗ ನಡೀತದ, ಯಾಕಂದ್ರ ಅದ್ರ ಒಳಗೂ ಸೆಲ್ ಬ್ಯಾಡಾದ ಆ ಎರಡನೇಯಂವ ಅದಾನ. ಕೆಲವು ಗಾಡ್ಯಾಗ ತಾಗಸೋ ಜಾಗ ಬ್ಯಾರೆ ಇರ್ತದ, ಗಾಡಿ ಬುಕ್ಕಿನ್ಯಾಗ ಬರದಿರ್ತಾರ.

ಹೊಸ ಚಾವಿ ಮಾಡಸ್ಲಿಕ್ಕ ಬಂದ ಗಿರಾಕಿಗಿ ಎರಡು ಕೆಲಸ ಅಂತ ಮೊದಲ ಹೇಳ್ಬೇಕು ಅಂತ ಉಸ್ತಾದ್ ಹೇಳ್ಯಾರ: ರಿಮೋಟ್ ಕೂಡ್ಸೋದು ಬ್ಯಾರೆ, ಚಿಪ್ ಇಮೊಬಿಲೈಸರಿಗಿ ಬರಸೋದು ಬ್ಯಾರೆ, ಬ್ಲೇಡ್ ಕಡದ್ರ ಬರೀ ಬಾಗಲ ತೆರೀತದ.

ಆ ಒಡದ ಹಳೆ ಕವರ್ ಇನ್ನಾ ನನ್ನ ಟೂಲ್ ಬಾಕ್ಸಿನ್ಯಾಗ ಅದ, ಉಳ್ಳಾಗಡ್ಡಿ ವಾಸನಿ ಹೋಗಿಲ್ಲ. ಪ್ರಾಕ್ಟಿಕಲ್ ದಿನ ತರ್ತೀನಿ, ಚಿಪ್ ಕೂಡೋ ಗೂಡು ಹೆಂಗಿರ್ತದ ನೋಡೋರು ನೋಡ್ರಿ.