ಪಶ್ಚಿಮದ ಬಿಸಿಲಿಗೆ ನಿಂತ ಬಾಗಿಲಿಗೆ ಯಾವ ಪಾಲಿಶ್?

ಪ್ರಶ್ನೆ: ಕಲಬುರಗಿಯಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಸಾಗವಾನಿ ಮುಂಬಾಗಿಲು, ಪಶ್ಚಿಮಕ್ಕೆ ಮುಖ. ಬಡಿಗೇರರು ಮೆಲಮೈನ್ ಪಾಲಿಶ್ ಹೊಡೆಸಿ ಅಂತಾರೆ, ಪೇಂಟರ್ ಪಿಯು (ಪಾಲಿಯುರೆಥೇನ್) ಪಾಲಿಶ್ ಅಂತಾರೆ, ನಮ್ಮಪ್ಪ ಅಗಸೆ ಎಣ್ಣೆ ಸಾಕು ಅಂತಾರೆ. ಯಾರ ಮಾತು ಕೇಳಬೇಕು?

ಉತ್ತರ: ಮೆಲಮೈನ್ ಅಂತೂ ಬೇಡ. ಅದು ಒಳಗಿನ ಕಪಾಟು, ಮಂಚಕ್ಕೆ ಸರಿ. ಹೊರಗಿನ ಬಿಸಿಲಿಗೆ ಬಿರುಕು ಬಿಡುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ಹೊಸದೇನಲ್ಲ. ಆದರೆ ಬಾಗಿಲನ್ನು ಕೆಡಿಸುವುದು ಬರೀ ಶಾಖ ಅಲ್ಲ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟು ಇರುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ಅದನ್ನೇ ಒಡೆಯುತ್ತವೆ. ಬಣ್ಣವಿಲ್ಲದ ವಾರ್ನಿಶ್ ಹಚ್ಚಿದರೆ ಕಿರಣ ಅದನ್ನು ದಾಟಿ ಮರಕ್ಕೆ ತಾಗುತ್ತದೆ. ಮರದ ಮೇಲ್ಪದರ ಸಡಿಲವಾಗಿ, ಅದರ ಮೇಲಿನ ಪಾಲಿಶ್ ಸಿಪ್ಪೆ ಏಳುತ್ತದೆ. ಮಳೆಗಾಲದಲ್ಲಿ ಮರ ಉಬ್ಬುವುದು, ಬೇಸಿಗೆಯಲ್ಲಿ ಕುಗ್ಗುವುದು ಬೇರೆ.

ಹಾಗಾಗಿ ಪಿಯು ಹೊಡೆಸುವುದಾದರೆ ಡಬ್ಬಿಯ ಮೇಲೆ ‘ಎಕ್ಸ್‌ಟೀರಿಯರ್’ (ಹೊರಗಿನ ಬಳಕೆಗೆ) ಅಂತ ಇರಲೇಬೇಕು. ಜೊತೆಗೆ ಸ್ವಲ್ಪ ಕಂದು ಬಣ್ಣ ಇರಲಿ. ಬಣ್ಣದ ಕಣಗಳೇ ಬಿಸಿಲನ್ನು ತಡೆಯುವುದು. ಆ ಲೆಕ್ಕಕ್ಕೆ ಹಳೇ ವಾಡೆಗಳ ಬಾಗಿಲಿಗೆ ಬಳಿದ ಆಯಿಲ್ ಪೇಂಟೇ ಎಲ್ಲಕ್ಕಿಂತ ಗಟ್ಟಿ. ಆದರೆ ಸಾಗವಾನಿಗೆ ಅಷ್ಟು ದುಡ್ಡು ಸುರಿದವರು ಅದರ ಗೆರೆ ಮುಚ್ಚಲು ಒಪ್ಪುವುದಿಲ್ಲ, ಅಲ್ವಾ?

ಅಪ್ಪನ ಮಾತನ್ನೂ ತಳ್ಳಿಹಾಕಬೇಡಿ. ಅಗಸೆ ಎಣ್ಣೆ ಮರದೊಳಗೆ ಇಳಿಯುತ್ತದೆ, ಸಿಪ್ಪೆ ಏಳುವ ತಾಪತ್ರಯವಿಲ್ಲ. ಗಾಣದ ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಅದರ ಬದಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಬೇಗ ಒಣಗುವ ‘ಡಬಲ್ ಬಾಯಿಲ್ಡ್’ ಅಗಸೆ ಎಣ್ಣೆ ತನ್ನಿ. ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಶಾಖ ಹುಟ್ಟಿ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರವಿ. ಶೇಂಗಾ, ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅವು ಒಣಗದೆ ಸುಮ್ನೆ ಧೂಳು ಹಿಡಿಯುತ್ತವೆ.

ಬಾಗಿಲ ಮೇಲೆ ಅಗಲವಾದ ಸಜ್ಜಾ ಇದ್ದು, ಸಂಜೆ ಬಿಸಿಲು ಜಾಸ್ತಿ ತಾಗದಿದ್ದರೆ ನಾನು ಎಣ್ಣೆಗೇ ಹೋಗುತ್ತೇನೆ, ವರ್ಷಕ್ಕೊಮ್ಮೆ ಹಚ್ಚುವ ತಾಳ್ಮೆ ನಿಮಗಿದ್ದರೆ. ನೇರ ಬಿಸಿಲಾದರೆ ಬಣ್ಣದ ಎಕ್ಸ್‌ಟೀರಿಯರ್ ಪಿಯು.

ಏನೇ ಹಾಕಿದರೂ ಬಾಗಿಲು ಕೂರಿಸುವ ಮುಂಚೆ ಅದರ ಕೆಳ ಅಂಚಿಗೂ ಹಚ್ಚಿಸಿ. ಕಣ್ಣಿಗೆ ಕಾಣದ ಜಾಗ ಅಂತ ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ದಿನಾ ಹೊಸ್ತಿಲು, ಶಹಾಬಾದ್ ಕಲ್ಲು ತೊಳೆದ ನೀರು ಮರ ಹೀರುವುದೇ ಅಲ್ಲಿಂದ. ಕೆಲಸವನ್ನು ದೀಪಾವಳಿ ಆದ ಮೇಲೆ, ಶಿವರಾತ್ರಿಯೊಳಗೆ ಇಟ್ಟುಕೊಳ್ಳಿ. ಮಳೆಗಾಲದ ತೇವಕ್ಕೆ ಪಾಲಿಶ್ ಬೆಳ್ಳಗಾಗುತ್ತದೆ, ಏಪ್ರಿಲ್ ಬಿಸಿಲಿಗೆ ಗುಳ್ಳೆ ಏಳುತ್ತದೆ.